ಆಲ್ಫಾ 0.91 ಬಂದರೆ ಪ್ರಶ್ನಾವಳಿ ಸಪ್ರಮಾಣವೆಂದು ಹೇಳಬಹುದೇ?

ಪ್ರಶ್ನೆ: ಬಿ.ಇಡಿ. ಉಪನ್ಯಾಸಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಎಸ್ಸೆಸ್ಸೆಲ್ಸಿ ಮಕ್ಕಳ ಪರೀಕ್ಷಾ ಆತಂಕವನ್ನು ಅಳೆಯಲು ಇಂಗ್ಲಿಷಿನ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು, ದಾವಣಗೆರೆ ನಗರ ಮತ್ತು ಜಗಳೂರು ತಾಲ್ಲೂಕಿನ ಕೆಲವು ಪ್ರೌಢಶಾಲೆಗಳಲ್ಲಿ ಭರ್ತಿ ಮಾಡಿಸಿದ್ದೇನೆ. 25 ಹೇಳಿಕೆಗಳಿದ್ದು, ಪ್ರತಿಯೊಂದಕ್ಕೂ 1ರಿಂದ 4 ಅಂಕಗಳಿವೆ. ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 10, ವಿಶ್ವಸನೀಯತೆಯ ಸೂಚ್ಯಂಕವಾದ ಕ್ರಾನ್‌ಬಾಕ್ ಆಲ್ಫಾ 0.91 ಬಂದಿದೆ. ವಿಶ್ವಸನೀಯತೆ ಇಷ್ಟು ಚೆನ್ನಾಗಿರುವಾಗ ಸಪ್ರಮಾಣತೆಯನ್ನು, ಅಂದರೆ ಪ್ರಶ್ನಾವಳಿ ಅಳೆಯಬೇಕಾದುದನ್ನೇ ಅಳೆಯುತ್ತಿದೆ ಎಂಬುದನ್ನು, ಪ್ರತ್ಯೇಕವಾಗಿ ತೋರಿಸಬೇಕೇ? 60ಕ್ಕಿಂತ ಹೆಚ್ಚು ಅಂಕ ಬಂದ ಮಕ್ಕಳ ಪಟ್ಟಿಯನ್ನು ಆಪ್ತಸಮಾಲೋಚನೆಗೆಂದು ಶಾಲೆಗಳಿಗೆ ಕೊಡುವ ಉದ್ದೇಶವಿದೆ.

ಉತ್ತರ: ಶಿಕ್ಷಣಶಾಸ್ತ್ರದ ನಿವೃತ್ತ ಪ್ರಾಧ್ಯಾಪಕ, ಚಿತ್ರದುರ್ಗ

ಮೇಡಂ, ಖಂಡಿತವಾಗಿ ತೋರಿಸಬೇಕು. ಹೇಳಿಕೆಗಳು ಒಂದಕ್ಕೊಂದು ಎಷ್ಟರಮಟ್ಟಿಗೆ ಹೊಂದಿಕೊಂಡಿವೆ ಎಂಬುದನ್ನಷ್ಟೇ ಆಲ್ಫಾ ತಿಳಿಸುತ್ತದೆ. ಅವೆಲ್ಲ ಸೇರಿ ಅಳೆಯುತ್ತಿರುವುದು ಪರೀಕ್ಷಾ ಆತಂಕವನ್ನೋ, ಆಯಾಸವನ್ನೋ, ಮೇಷ್ಟರಿಗೆ ಹಿತವಾಗುವ ಉತ್ತರ ಕೊಡುವ ಅಭ್ಯಾಸವನ್ನೋ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಹೇಳಿಕೆಗಳ ಸಂಖ್ಯೆ ಹೆಚ್ಚಿದಷ್ಟೂ ಆಲ್ಫಾ ಏರುತ್ತದೆ ಎಂಬುದನ್ನೂ ಗಮನಿಸಿ. ಯಾವುದೇ ಎರಡು ಹೇಳಿಕೆಗಳ ನಡುವಿನ ಸಹಸಂಬಂಧ (ಪೂರ್ಣ ಹೊಂದಿಕೆಗೆ 1, ಸಂಬಂಧವೇ ಇಲ್ಲದಿದ್ದರೆ 0) ಸರಾಸರಿ 0.3 ಮಾತ್ರ ಇದ್ದರೂ 25 ಹೇಳಿಕೆಗಳಿಗೆ ಆಲ್ಫಾ 0.91ರ ಆಸುಪಾಸಿನಲ್ಲಿ ಬರುತ್ತದೆ; ಅದೇ ಬಗೆಯ 10 ಹೇಳಿಕೆಗಳನ್ನು ಮಾತ್ರ ಇಟ್ಟುಕೊಂಡಿದ್ದರೆ 0.81 ಬರುತ್ತಿತ್ತು. ಈ ಸೂತ್ರವನ್ನು 1951ರ ಲೇಖನದಲ್ಲಿ ವಿವರಿಸಿದ ಲೀ ಕ್ರಾನ್‌ಬಾಕ್ ಅವರೇ 1955ರಲ್ಲಿ ಪಾಲ್ ಮೀಲ್ ಅವರೊಂದಿಗೆ ಪರಿಕಲ್ಪನಾ ಸಪ್ರಮಾಣತೆಯ (ಆತಂಕದಂತಹ ಕಣ್ಣಿಗೆ ಕಾಣದ ಗುಣವನ್ನೇ ಅಳೆಯುತ್ತಿದ್ದೇವೆಯೇ ಎಂಬುದರ) ಕುರಿತು ಬರೆದರು. ಎರಡೂ ಬೇರೆ ಬೇರೆ ಪ್ರಶ್ನೆಗಳೆಂಬುದು ಅವರಿಗೆ ಸ್ಪಷ್ಟವಾಗಿತ್ತು.

ನಿಮ್ಮ 60ರ ಗೆರೆಯ ಬಗ್ಗೆಯೂ ಒಂದು ಮಾತು. ಮಾನಕ ವಿಚಲನೆ 10, ವಿಶ್ವಸನೀಯತೆ 0.91 ಇದ್ದಾಗ ಮಾಪನದ ಮಾನಕ ದೋಷ, ಅಂದರೆ ಒಂದು ಮಗುವಿನ ಅಂಕ ಅಳತೆಯ ತಪ್ಪಿನಿಂದಲೇ ಸಾಮಾನ್ಯವಾಗಿ ಹೆಚ್ಚುಕಡಿಮೆಯಾಗುವ ಪ್ರಮಾಣ, 3 ಅಂಕಗಳಾಗುತ್ತದೆ. ಅಂದರೆ 61 ಬಂದ ಹುಡುಗಿಯನ್ನು ಪಟ್ಟಿಗೆ ಸೇರಿಸಿ, 58 ಬಂದ ಹುಡುಗನನ್ನು ಬಿಡುವುದಕ್ಕೆ ಈ ಅಂಕಗಳಲ್ಲಿ ಆಧಾರವಿಲ್ಲ.

ಉತ್ತರ: ಪ್ರೌಢಶಾಲಾ ಶಿಕ್ಷಕ, ಜಗಳೂರು ತಾಲ್ಲೂಕು

ಆತಂಕದ ಪ್ರಶ್ನಾವಳಿ ಎಂದಮೇಲೆ ‘ರಾತ್ರಿ ಸರಿಯಾಗಿ ನಿದ್ರೆ ಬರುವುದಿಲ್ಲ’, ‘ಬೆಳಿಗ್ಗೆ ಎದ್ದಾಗ ದಣಿವಾಗಿರುತ್ತದೆ’ ಎಂಬಂತಹ ಹೇಳಿಕೆಗಳು ಇರಬಹುದು. ನಮ್ಮ ಕಡೆ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟು ರಾತ್ರಿ ಬರುವ ದಿನಗಳಲ್ಲಿ ಹತ್ತನೇ ತರಗತಿಯ ಹುಡುಗರು ಅಪ್ಪನ ಜೊತೆ ತೋಟಕ್ಕೆ ನೀರು ಹಾಯಿಸಲು ಹೋಗಿ, ಮರುದಿನ ಮೊದಲನೇ ಪೀರಿಯಡ್‌ನಲ್ಲಿಯೇ ತೂಕಡಿಸುತ್ತಾರೆ. ಅಂಥ ಹುಡುಗನು ಇಂತಹ ಹೇಳಿಕೆಗಳಿಗೆಲ್ಲ ಪ್ರಾಮಾಣಿಕವಾಗಿಯೇ 4 ಎಂದು ಗುರುತು ಹಾಕುತ್ತಾನೆ. ಉತ್ತರಗಳು ಒಂದಕ್ಕೊಂದು ತಾಳೆಯಾಗುವುದರಿಂದ ಆಲ್ಫಾ ಕುಗ್ಗುವುದಿಲ್ಲ, ಆದರೆ ಅವನು ನಿದ್ದೆಗೆಟ್ಟಿದ್ದಕ್ಕೆ ಕಾರಣ ಪರೀಕ್ಷೆಯಲ್ಲ. ನಗರದ ಮತ್ತು ಹಳ್ಳಿಯ ಮಕ್ಕಳ ಉತ್ತರಗಳನ್ನು ಹೇಳಿಕೆವಾರು ಬೇರ್ಪಡಿಸಿ ನೋಡಬೇಕೆಂದು ಕೋರುತ್ತೇನೆ.

ಉತ್ತರ: ಆಪ್ತಸಮಾಲೋಚಕಿ, ದಾವಣಗೆರೆ

ಮೇಲಿನ ಸರ್ ಹೇಳಿದ್ದು ಬಹಳ ಮುಖ್ಯ. 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅಳವಡಿಸಿದ್ದು ಇಲ್ಲಿಯ ಮಕ್ಕಳ ಮೇಲೆಯೇ ಪ್ರಯೋಗಿಸಿ ನೋಡಿದ ಮೇಲೆ. ಮೂಲ ಪ್ರಶ್ನಾವಳಿಯ ಸಪ್ರಮಾಣತೆ ಅನುವಾದದೊಂದಿಗೆ ತಾನಾಗಿ ಬರುವುದಿಲ್ಲ.

ನನ್ನ ಸಲಹೆ ಇದು: ಹೆಚ್ಚು, ಮಧ್ಯಮ, ಕಡಿಮೆ ಅಂಕ ಬಂದ ಕೆಲವು ಮಕ್ಕಳನ್ನು ಆರಿಸಿ, ಅವರ ಅಂಕಗಳನ್ನು ತಿಳಿಯದ ತರಬೇತಾದ ಸಮಾಲೋಚಕರೊಬ್ಬರಿಂದ ಪ್ರತಿ ಮಗುವನ್ನೂ ಪ್ರತ್ಯೇಕವಾಗಿ ಮಾತನಾಡಿಸಿರಿ. ಅವರ ತೀರ್ಮಾನಕ್ಕೂ ನಿಮ್ಮ ಅಂಕಗಳಿಗೂ ಎಷ್ಟು ಹೊಂದಿಕೆಯಾಗುತ್ತದೆ ಎಂಬುದೇ ನಿಮಗೆ ಬೇಕಾದ ಸಾಕ್ಷ್ಯ. ಅದು ಸಿಗುವವರೆಗೆ ದಯವಿಟ್ಟು ಪಟ್ಟಿಯನ್ನು ಯಾವ ಶಾಲೆಗೂ ಕೊಡಬೇಡಿ. ಸ್ಟಾಫ್ ರೂಮಿಗೆ ಬಂದ ಹೆಸರು ಸಂಜೆಯೊಳಗೆ ತರಗತಿಗೆ ತಲುಪಿರುತ್ತದೆ, ಮಗು ಅದನ್ನು ವರ್ಷವಿಡೀ ಹೊರಬೇಕಾಗುತ್ತದೆ.

ಪ್ರಶ್ನಿಸಿದವರು: ಎಲ್ಲರಿಗೂ ಧನ್ಯವಾದಗಳು. ಪಟ್ಟಿಯನ್ನು ತಡೆಹಿಡಿಯುತ್ತೇನೆ. ಪುನರ್‌ಪರೀಕ್ಷೆಯನ್ನೂ (ಅದೇ ಮಕ್ಕಳಿಂದ ಮತ್ತೊಮ್ಮೆ ಭರ್ತಿ ಮಾಡಿಸುವುದು) ಮಾಡುವುದಾದರೆ ಎಷ್ಟು ಅಂತರವಿರಬೇಕು?

ನಿವೃತ್ತ ಪ್ರಾಧ್ಯಾಪಕ: ಎರಡು–ಮೂರು ವಾರ ಸಾಕು, ಅದಕ್ಕಿಂತ ಬೇಗ ಮಾಡಿದರೆ ಮಕ್ಕಳು ಹಿಂದಿನ ಉತ್ತರಗಳನ್ನೇ ನೆನಪಿಸಿಕೊಂಡು ಬರೆಯುತ್ತಾರೆ. ಆದರೆ ಆ ಅವಧಿಯ ನಡುವೆ ಪೂರ್ವಸಿದ್ಧತಾ ಪರೀಕ್ಷೆ ಬರದಂತೆ ನೋಡಿಕೊಳ್ಳಿ. ಬಂದರೆ ಮಕ್ಕಳ ಆತಂಕವೇ ನಿಜವಾಗಿ ಬದಲಾಗಿರುತ್ತದೆ, ಆಗ ಎರಡು ಸಲದ ಅಂಕಗಳ ಸಹಸಂಬಂಧ ಇಳಿದಿದ್ದಕ್ಕೆ ಪ್ರಶ್ನಾವಳಿ ಕಾರಣವೋ ಪರೀಕ್ಷೆ ಕಾರಣವೋ ಎಂದು ಬೇರ್ಪಡಿಸಲಾಗುವುದಿಲ್ಲ.