ಕರಾಯಿಮ್ ಗಾದೆಗಳು: ಬಾಯಿಮಾತು ಯಾವುದು, ಗ್ರಂಥದ ಸಾಲು ಯಾವುದು?

ನುಡಿಜಾಡು:
ಪೂರ್ವ ಯುರೋಪಿನ ಕರಾಯಿಮರು ಎಂಬ ಸಣ್ಣ ಸಮುದಾಯದ ಗಾದೆಗಳನ್ನು ಕನ್ನಡಕ್ಕೆ ತರಬೇಕೆಂದಿದ್ದೇನೆ. ಅನುವಾದಕ್ಕೆ ಮೊದಲೇ ಪಟ್ಟಿಯೇ ತೊಡಕಾಗಿದೆ. ಜಾಲದಲ್ಲಿ “ಕರಾಯಿಟ್ ಗಾದೆಗಳು” ಅಂತ ಸಿಗುವುದರಲ್ಲಿ ಕೆಲವು ಸಾಲು ಬೈಬಲಿನ ಜ್ಞಾನೋಕ್ತಿಗಳ ಹಾಗಿವೆ, ಕೆಲವು ಟರ್ಕಿಯವರದ್ದೋ ಕ್ರೈಮಿಯದ ತಾತಾರರದ್ದೋ ಅನ್ನಿಸುತ್ತವೆ, ಉಳಿದವಕ್ಕೆ ಊರು, ಕಾಲ, ಮೂಲ ಒಂದೂ ಇಲ್ಲ. ಒಂದೇ ಗಾದೆ ಮೂರು ಕಾಗುಣಿತದಲ್ಲಿ ಬಂದು ಮೂರಾಗಿ ಎಣಿಕೆಯಾಗಿರುವಂತೆಯೂ ಕಾಣುತ್ತದೆ. ಇವನ್ನು ವಿಂಗಡಿಸುವುದು ಹೇಗೆ? ಯಾವ ಗುರುತನ್ನು ನಂಬಬಹುದು, ಯಾವುದು ಕೈಕೊಡುತ್ತದೆ? ಬಲ್ಲವರು ತಿಳಿಸಿ.

ಹಳೆಪುಟ:
ಮೊದಲು “ಕರಾಯಿಟ್” ಅನ್ನುವ ಚೀಟಿಯನ್ನೇ ಬಿಡಿಸಿ ನೋಡಿ. ಅದು ಒಂದು ಧರ್ಮಪಂಥದ ಹೆಸರು: ಹೀಬ್ರೂ ಬೈಬಲನ್ನು ಒಪ್ಪಿ ತಾಲ್ಮುದಿನ (ಯಹೂದಿ ಗುರುಗಳ ವ್ಯಾಖ್ಯಾನ, ಕಟ್ಟಳೆಗಳ ಸಂಗ್ರಹ) ಅಧಿಕಾರವನ್ನು ಒಪ್ಪದವರು. ಈ ಪಂಥದವರು ಈಜಿಪ್ಟಿನಲ್ಲಿದ್ದರು, ಜೆರುಸಲೇಮಿನಲ್ಲಿದ್ದರು, ಕಾನ್‌ಸ್ಟಾಂಟಿನೋಪಲಿನಲ್ಲಿದ್ದರು. ಕೈರೋದವರ ಆಡುಮಾತು ಅರಬ್ಬಿ, ಹಾಗಾಗಿ ಅವರ ಗಾದೆಗಳೂ ಅರಬ್ಬಿ. ಇದೇ ಪಂಥದ, ನೀವು ಹುಡುಕುತ್ತಿರುವ ಕರಾಯಿಮರದ್ದು ತುರ್ಕಿ ಕುಟುಂಬದ ಕಿಪ್ಚಾಕ್ ಶಾಖೆಯ ನುಡಿ. ಅದಕ್ಕೆ ಮೂರು ಉಪಭಾಷೆ: ಕ್ರೈಮಿಯ (ಚುಫುತ್-ಕಲೆ, ಯೆವ್ಪತೋರಿಯ), ಲಿಥುವೇನಿಯದ ಟ್ರಾಕಾಯ್, ಮತ್ತು ಈಗ ಉಕ್ರೇನಿನಲ್ಲಿರುವ ಹಾಲಿಚ್-ಲುಟ್ಸ್ಕ್. ಪ್ರತಿ ಗಾದೆಯ ಪಕ್ಕದಲ್ಲಿ ಈ ಮೂರರಲ್ಲಿ ಒಂದನ್ನು ಬರೆಯಲಾಗದಿದ್ದರೆ ಅದನ್ನು ಬೇರೆ ಕಡತಕ್ಕೆ ಹಾಕಿ.

ಪಟ್ಟಿಗಳಲ್ಲಿ ತಪ್ಪದೆ ಕಾಣುವ ಒಂದು ಸಾಲಿದೆ: “ತೋರಾದಲ್ಲಿ ಚೆನ್ನಾಗಿ ಹುಡುಕಿ, ನನ್ನ ಅಭಿಪ್ರಾಯವನ್ನು ನೆಚ್ಚಬೇಡಿ.” (ತೋರಾ ಅಂದರೆ ಹೀಬ್ರೂ ಬೈಬಲಿನ ಮೊದಲ ಐದು ಗ್ರಂಥ.) ಇದು ಜನಪದ ಗಾದೆಯಲ್ಲ. ಪಂಥದ ಮೂಲಪುರುಷನೆಂದು ಎಣಿಸುವ 8ನೇ ಶತಮಾನದ ಅನಾನ್ ಬೆನ್ ದಾವೀದನ ಮಾತೆಂದು ಪಂಥದೊಳಗೆ ಹೇಳಿಕೊಂಡು ಬಂದ ಸೂತ್ರ. ಮೊದಲರ್ಧ ಅರಮೈಕ್, ಎರಡನೆಯರ್ಧ ಹೀಬ್ರೂ. ಆ ಕಾರಣಕ್ಕೇ ಎರಡನೆಯರ್ಧ ಆಮೇಲೆ ಸೇರಿದ್ದೆಂದು ವಿದ್ವಾಂಸರ ಅನುಮಾನ. ಇದನ್ನು ಇಟ್ಟುಕೊಳ್ಳಿ, ಆದರೆ “ಪಂಥದ ಸೂಕ್ತಿ” ಎಂಬ ತಲೆಬರಹದಡಿ.

ಹೊರಹಾಕಲು ಸುಲಭವಾದ ಒಂದು ಗುರುತೂ ಇದೆ. ಹನುಕ್ಕಾ ಎಂಬ ದೀಪದ ಹಬ್ಬ, ತೋಳಿಗೆ ಕಟ್ಟುವ ತೆಫಿಲಿನ್ (ಗ್ರಂಥದ ಸಾಲುಗಳಿರುವ ಪುಟ್ಟ ಪೆಟ್ಟಿಗೆ), ತಾಲ್ಮುದಿನ ಗುರುಗಳ ಹೆಸರು, ಇವು ಬಂದ ಗಾದೆ ಕರಾಯಿಟ್ ಮನೆಯಲ್ಲಿ ಹುಟ್ಟಿರುವುದು ಅನುಮಾನ. ಹನುಕ್ಕಾ ಬೈಬಲಿನಲ್ಲಿಲ್ಲವಾದ್ದರಿಂದ ಅವರು ಆಚರಿಸುವುದಿಲ್ಲ. ತೆಫಿಲಿನ್ ಕಟ್ಟುವುದಿಲ್ಲ. ಸಾಮಾನ್ಯ ಯಹೂದಿ ಗಾದೆಗಳ ಪಟ್ಟಿಗೆ “ಕರಾಯಿಟ್” ಎಂದು ಹೆಸರು ಅಂಟಿಸಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಒತ್ತಕ್ಷರ:
ಉಪಭಾಷೆ ಹಿಡಿಯುವುದು ಕಷ್ಟವಲ್ಲ. ಎರಡು ಮೂರು ಧ್ವನಿ ನೋಡಿದರೆ ಸಾಕು.

“ಶ” ಮತ್ತು “ಚ”: ಹಾಲಿಚ್-ಲುಟ್ಸ್ಕ್‌ನಲ್ಲಿ ಶ ಹೋಗಿ ಸ, ಚ ಹೋಗಿ ತ್ಸ. ಕಲ್ಲು ಉಳಿದೆರಡು ಕಡೆ ತಾಶ್, ಹಾಲಿಚ್‌ನಲ್ಲಿ ತಾಸ್. ತಲೆ ಬಾಶ್, ಹಾಲಿಚ್‌ನಲ್ಲಿ ಬಾಸ್. ಮನುಷ್ಯ ಟ್ರಾಕಾಯ್‌ನಲ್ಲಿ ಕಿಶಿ, ಹಾಲಿಚ್‌ನಲ್ಲಿ ಕಿಸಿ.

ದುಂಡು ಸ್ವರ: ತುಟಿ ದುಂಡಗೆ ಮಾಡಿ ನಾಲಗೆ ಮುಂದಿಟ್ಟು ಹೇಳುವ ಎರಡು ಸ್ವರ ಕ್ರೈಮಿಯದಲ್ಲಿ ಹಾಗೇ ಇವೆ. ಹಾಲಿಚ್‌ನಲ್ಲಿ ದುಂಡುತನ ಹೋಗಿ ಬರೀ ಎ, ಇ ಉಳಿದಿವೆ: ಮಾತು ಸೆಜ಼್, ದಿನ ಕಿನ್. ಟ್ರಾಕಾಯ್‌ನಲ್ಲಿ ಸ್ವರದ ಮುಂದೊತ್ತು (ನಾಲಗೆ ಮುಂದಿಡುವ ಗುಣ) ವ್ಯಂಜನಕ್ಕೆ ಜಾರಿ, ವ್ಯಂಜನಗಳು ಯ-ಕಾರ ಬೆರೆತಂತೆ ಮೆತ್ತಗಾಗಿವೆ: ಸ್ಯೋಜ಼್, ಕ್ಯುನ್. ಮೆತ್ತಗಾದ ವ್ಯಂಜನಗಳು ಪದದುದ್ದಕ್ಕೂ ಸಾಲಾಗಿ ಕಂಡರೆ ಟ್ರಾಕಾಯ್ ಅಂತ ಗುರುತು ಹಾಕಿ.

ಎಲ್ಲಿ ಕೆಡುತ್ತದೆ ಅಂದರೆ, ಹಾಲಿಚ್ ಗಾದೆಯನ್ನು ಟರ್ಕಿ ನಿಘಂಟಿನಲ್ಲೋ ಅನುವಾದ ಯಂತ್ರದಲ್ಲೋ ಹಾಕಿದಾಗ. ಟರ್ಕಿಯಲ್ಲಿ ತಾಸ್ ಅಂದರೆ ಬಟ್ಟಲು, ಬಾಸ್ ಅಂದರೆ “ಒತ್ತು”, ಆಸ್ ಅಂದರೆ “ನೇತುಹಾಕು”. ಹಾಲಿಚ್‌ನಲ್ಲಿ ಅವು ಕ್ರಮವಾಗಿ ಕಲ್ಲು, ತಲೆ, ಊಟ. ಊಟದ ಗಾದೆ ನೇಣಿನ ಗಾದೆಯಾಗಿ ಬಂದರೆ ಯಂತ್ರ ಎಲ್ಲಿ ಎಡವಿತು ಅಂತ ಗೊತ್ತಾಗುತ್ತದೆ. ಗೊತ್ತಾಗದೆ ಅಚ್ಚಾಗುವುದು ಬಟ್ಟಲಿನಂಥವು, ಅರ್ಥ ಹೇಗೋ ಕೂಡಿಕೊಳ್ಳುವಂಥವು.

ಇನ್ನು ಕಾಗುಣಿತ. ನಿಮ್ಮ ಪಟ್ಟಿಯಲ್ಲಿ ಒಂದು ಮೂರಾಗಿರುವುದಕ್ಕೆ ಇದೇ ಕಾರಣ ಇರಬೇಕು. 1930ರ ದಶಕದಲ್ಲಿ ಲುಟ್ಸ್ಕ್‌ನಲ್ಲಿ ಅಲೆಕ್ಸಾಂಡರ್ ಮರ್ದ್ಕೊವಿಚ್ ಹೊರತರುತ್ತಿದ್ದ “ಕರಾಯ್ ಅವಾಜ಼ಿ” ಪತ್ರಿಕೆ ಪೋಲಿಷ್ ಅಕ್ಷರದಲ್ಲಿತ್ತು. ಇಂದಿನ ಟ್ರಾಕಾಯ್ ಪುಸ್ತಕಗಳು ಲಿಥುವೇನಿಯನ್ ಪದ್ಧತಿಯವು. ಮಾಸ್ಕೋದಲ್ಲಿ 1974ರಲ್ಲಿ ಬಂದ ಕರಾಯಿಮ್-ರಷ್ಯನ್-ಪೋಲಿಷ್ ನಿಘಂಟಿನ 17,400 ಪದಗಳು ಸಿರಿಲಿಕ್ ಲಿಪಿಯಲ್ಲಿವೆ. ಕ್ರೈಮಿಯದ ಪಠ್ಯಗಳನ್ನು ಇತ್ತೀಚೆಗೆ ಟರ್ಕಿ ಮಾದರಿಯಲ್ಲೂ ಬರೆಯುತ್ತಾರೆ. ರೋಮನ್ ವರ್ಣಮಾಲೆಯ ಮೂರನೆಯ ಅಕ್ಷರವೊಂದನ್ನೇ ನೋಡಿ: ಟರ್ಕಿ ಮಾದರಿಯಲ್ಲಿ ಅದು ಜ, ಪೋಲಿಷ್ ಮತ್ತು ಲಿಥುವೇನಿಯನ್ ಮಾದರಿಯಲ್ಲಿ ತ್ಸ. ಹಾಲಿಚ್‌ನ “ಇತ್ಸ್” (ಮೂರು) “ಇಜ್” ಆಗಿಬಿಟ್ಟರೆ ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಮೊದಲು ಎಲ್ಲವನ್ನೂ ಕನ್ನಡ ಲಿಪಿಗೆ ಉಚ್ಚಾರದಂತೆ ಇಳಿಸಿ, ಆಮೇಲೆ ಎಣಿಸಿ. 1974ರ ನಿಘಂಟು ಪ್ರತಿ ಪದಕ್ಕೂ ಅದು ಯಾವ ಉಪಭಾಷೆಯದೆಂದು ಗುರುತು ಹಾಕಿದೆ. ತಾಳೆ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ.

ಪದಕಟ್ಟು:
ಬೈಬಲಿನ ಸಾಲು ಬಿಡಿಸುವ ಬಗ್ಗೆ ನಾನು ಹೇಳುತ್ತೇನೆ. ಕರಾಯಿಮರು ಬೈಬಲನ್ನು ತಮ್ಮ ನುಡಿಗೆ ತಂದಾಗ ಹೀಬ್ರೂ ವಾಕ್ಯದ ಜೋಡಣೆಯನ್ನು ಕದಲಿಸದೆ ಪದಕ್ಕೆ ಪದ ಇಟ್ಟರು. ಆ ಜೋಡಣೆಯೇ ಗುರುತು.

ಹೀಬ್ರೂವಿನ ನಿರ್ದೇಶಕ ಉಪಪದಕ್ಕೆ (ಇಂಗ್ಲಿಷಿನ “ದ” ಇದ್ದ ಹಾಗೆ) ಬದಲಾಗಿ “ಓಲ್” (ಆ) ಎಂದು ಹಾಕುತ್ತಾರೆ. ಕರ್ಮವನ್ನು ತೋರಿಸುವ ಹೀಬ್ರೂ ಪದಕ್ಕೆ ಬದಲಾಗಿ “ಓಶೋಲ್”. ಆದಿಕಾಂಡದ ಮೊದಲ ವಾಕ್ಯದಲ್ಲೇ “ಓಶೋಲ್ ಓಲ್” ಜೋಡಿಯಾಗಿ ಬರುತ್ತದೆ. ಆಡುಮಾತಿನ ಗಾದೆಯಲ್ಲಿ ಇಷ್ಟು ಭಾರ ಇರುವುದಿಲ್ಲ. ಷಷ್ಠಿಯೂ ಹಾಗೇ: ಸಹಜ ತುರ್ಕಿ ನುಡಿಯಲ್ಲಿ, ಕನ್ನಡದಲ್ಲಿರುವಂತೆ, “ಇಸ್ರಾಯೇಲಿನ ಮಕ್ಕಳು”. ಅನುವಾದದಲ್ಲಿ ಅದು “ಮಕ್ಕಳು ಇಸ್ರಾಯೇಲಿನ” ಎಂಬ ಕ್ರಮದಲ್ಲಿ, “ಉಲನ್‌ಲರಿ ಯಿಸ್ರಾಯೇಲ್‌ನಿನ್” ಅಂತ ಬರುತ್ತದೆ. ಇವೆರಡೂ ಸಿಕ್ಕರೆ ನೇರವಾಗಿ ಬೈಬಲ್ ತೆರೆಯಿರಿ. ಟ್ರಾಕಾಯ್‌ನ ಧರ್ಮಗುರು ಮಿಕೋಲಾಸ್ ಫಿರ್ಕೊವಿಚಿಯಸ್ ಸೊಲೊಮೋನನ ಜ್ಞಾನೋಕ್ತಿಗಳನ್ನು ಕರಾಯಿಮಿನಲ್ಲಿ 2000ದಲ್ಲಿ ಪ್ರಕಟಿಸಿದರು. ಇರುವುದು 31 ಅಧ್ಯಾಯ, ಪಕ್ಕದಲ್ಲಿ ಕನ್ನಡ ಬೈಬಲ್ ಇಟ್ಟುಕೊಂಡರೆ ಹೋಲಿಕೆ ಬೇಗ ಮುಗಿಯುತ್ತದೆ.

ಬೈಬಲಿನದ್ದೆಂದು ಗೊತ್ತಾದ ಸಾಲನ್ನು ಎಸೆಯಬೇಡಿ. ದಾಸರ ಪದದ ಸಾಲು ನಮ್ಮಲ್ಲಿ ಗಾದೆಯಾಗಿ ಓಡಾಡುವ ಹಾಗೆ ಅಲ್ಲೂ ಗ್ರಂಥದ ಸಾಲು ಬಾಯಿಗೆ ಇಳಿದಿರಬಹುದು. ಮೇಲಾಗಿ ಈ ಜನರ ವಾದಸರಣಿಯಲ್ಲೇ ಜ್ಞಾನೋಕ್ತಿಗಳಿಗೆ ಕೆಲಸವಿದೆ. ಹಳೆಪುಟ ಅವರು ಹೇಳಿದ ತೆಫಿಲಿನ್ ವಿಷಯ ತೆಗೆದುಕೊಳ್ಳಿ. ಧರ್ಮೋಪದೇಶಕಾಂಡ 6:8 “ಇವನ್ನು ಕೈಗೆ ಕಟ್ಟಿಕೊಳ್ಳಿ” ಅನ್ನುತ್ತದೆ. ಇದು ಅಲಂಕಾರದ ಮಾತು, ದಾರವಲ್ಲ, ಎಂದು ಕರಾಯಿಟರು ವಾದಿಸುವಾಗ ಮುಂದಿಡುವುದು ಜ್ಞಾನೋಕ್ತಿ 3:3 ಮತ್ತು 7:3: ಕೊರಳಿಗೆ ಕಟ್ಟಿಕೋ, ಬೆರಳಿಗೆ ಕಟ್ಟಿಕೋ, ಹೃದಯದ ಹಲಗೆಯಲ್ಲಿ ಬರೆದುಕೋ. ಹೃದಯದ ಮೇಲೆ ಯಾರೂ ಶಾಯಿಯಲ್ಲಿ ಬರೆಯುವುದಿಲ್ಲವಲ್ಲ. ಇಂಥ ಸಾಲಿಗೆ ಕನ್ನಡದಲ್ಲಿ ಎರಡು ವಾಕ್ಯದ ಟಿಪ್ಪಣಿ ಬೇಕೇ ಬೇಕು.

ಜ್ಞಾನೋಕ್ತಿ 6:23ರ “ಆಜ್ಞೆಯೇ ದೀಪ, ಉಪದೇಶವೇ ಬೆಳಕು” ಕೂಡ ಹಾಗೆಯೇ. ವಿಮೋಚನಕಾಂಡ 35:3 ಸಬ್ಬತ್ (ವಾರದ ವಿರಾಮದ) ದಿನ ಬೆಂಕಿ ಹೊತ್ತಿಸಬಾರದು ಅನ್ನುತ್ತದೆ. ಮುನ್ನಾದಿನವೇ ಹಚ್ಚಿಟ್ಟ ದೀಪವೂ ಉರಿಯುತ್ತಿರಬಾರದೆಂದು ಹಳೆಯ ಕರಾಯಿಟರು ಅದನ್ನು ಓದಿ ಕತ್ತಲಲ್ಲೇ ಕೂರುತ್ತಿದ್ದರು. 15ನೇ ಶತಮಾನದಲ್ಲಿ ಬಶ್ಯಾಚಿ ಮನೆತನದ ಪಂಡಿತರು ಮುಂಚೆ ಹಚ್ಚಿಟ್ಟ ದೀಪಕ್ಕೆ ಅನುಮತಿ ಕೊಟ್ಟರು. ಎಲ್ಲರೂ ಒಪ್ಪಲಿಲ್ಲ. ದೀಪದ ಮಾತು ಯಾವ ಕಾಲದ, ಯಾವ ಊರಿನ ಮನೆಯದು ಅನ್ನುವುದರ ಮೇಲೆ ಅದರ ಚುಚ್ಚು ಬದಲಾಗುತ್ತದೆ.

ಒತ್ತಕ್ಷರ:
ಪದಕಟ್ಟು ಅವರ ಪರೀಕ್ಷೆಗೆ ಒಂದು ತಿದ್ದುಪಡಿ. ಬರೀ ಕ್ರಿಯಾಪದದ ಜಾಗ ನೋಡಿ ತೀರ್ಮಾನಿಸಬೇಡಿ. ಟ್ರಾಕಾಯ್ ಮತ್ತು ಹಾಲಿಚ್ ಎರಡರಲ್ಲೂ ಸುತ್ತಲಿನ ಸ್ಲಾವ್ ನುಡಿಗಳ ಒತ್ತಿಗೆ ಆಡುಮಾತಿನಲ್ಲೇ ಕ್ರಿಯಾಪದ ವಾಕ್ಯದ ನಡುವೆ ಬರುತ್ತದೆ. “ಓಲ್” ಕೂಡ ಒಂಟಿಯಾಗಿ ಬಂದರೆ ಬರೀ “ಅವನು, ಅದು” ಆಗಿರಬಹುದು. “ಓಶೋಲ್” ಇದ್ದರೆ ಮಾತ್ರ ಹೆಚ್ಚು ಧೈರ್ಯ.

ನುಡಿಜಾಡು:
ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ, ಧನ್ಯವಾದ. ಇನ್ನೆರಡು ಬಾಕಿ. ಟ್ರಾಕಾಯ್ ಮನೆಗಳ ಮೂರು ಕಿಟಕಿಯ ಮಾತು ಎಲ್ಲ ಪಟ್ಟಿಯಲ್ಲೂ ಇದೆ. ಅದು ಗಾದೆಯೇ? “ತೆಂಗ್ರಿ” ಎಂಬ ಪದ ಬಂದ ಸಾಲುಗಳನ್ನು “ಪುರಾತನ ತುರ್ಕಿ ಪ್ರಕೃತಿಧರ್ಮ” ಎಂದು ವಿವರಿಸಿದ್ದಾರೆ. ಅದನ್ನು ನಂಬಬಹುದೇ? ಕೈಬರಹದ ಪ್ರತಿ ಸಿಕ್ಕರೆ ಏನು ನೋಡಬೇಕು ಅನ್ನುವುದೂ ತಿಳಿದರೆ ಒಳ್ಳೆಯದು.

ಕಾಲುದಾರಿ:
ಮೂರು ಕಿಟಕಿ: ಟ್ರಾಕಾಯ್‌ನ ಕರಾಯಿಮ್ ಬೀದಿಯಲ್ಲಿ ಮರದ ಮನೆಗಳ ಕಿರುಗೋಡೆ ಬೀದಿಗೆ ಮುಖ ಮಾಡಿ, ಅದರಲ್ಲಿ ಮೂರು ಕಿಟಕಿ ಇರುತ್ತವೆ. ಒಂದು ದೇವರಿಗೆ, ಒಂದು ಮನೆಯವರಿಗೆ, ಒಂದು ವಿಟೌಟಾಸ್ ದೊರೆಗೆ ಎಂದು ಹೇಳಿಕೆ. ಈ ಲಿಥುವೇನಿಯದ ದೊರೆಯೇ 14ನೇ ಶತಮಾನದ ಕೊನೆಗೆ ಕ್ರೈಮಿಯದಿಂದ ಅವರನ್ನು ಕರೆತಂದು ನೆಲೆಗೊಳಿಸಿದ ಎಂಬುದು ಸಮುದಾಯದ ನಂಬಿಕೆ. ಟ್ರಾಕಾಯ್ ಕರಾಯಿಮರಿಗೆ 1441ರಲ್ಲಿ ಮ್ಯಾಗ್ಡೆಬರ್ಗ್ ಪಟ್ಟಣಹಕ್ಕು (ತಮ್ಮ ಆಡಳಿತ ತಾವೇ ನೋಡಿಕೊಳ್ಳುವ ಹಕ್ಕು) ಸಿಕ್ಕಿದ್ದು ದಾಖಲೆಯ ಸಂಗತಿ. ಕಿಟಕಿಯ ಮಾತು ಒಂದು ವಸ್ತುವಿಗೆ ಕಟ್ಟಿದ ವಿವರಣೆ. ಗಾದೆಯನ್ನು ಬೇರೆ ಸಂದರ್ಭಕ್ಕೆ ಅನ್ವಯಿಸಿ ಆಡಬಹುದು, ಇದನ್ನು ಆ ಮನೆಯ ಮುಂದೆ ನಿಂತು ಮಾತ್ರ ಹೇಳಬಹುದು. ಪ್ರವಾಸಿಗರಿಗೆ ಹೇಳಿ ಹೇಳಿ ಸವೆದಿದೆ ಕೂಡ. “ಊರಿನ ಹೇಳಿಕೆ” ಎಂದು ಬೇರೆ ವಿಭಾಗ ಮಾಡಿ.

ಅದೇ ವಿಭಾಗಕ್ಕೆ ಚುಫುತ್-ಕಲೆಯ ಸ್ಮಶಾನದ ಹೆಸರೂ ಸೇರಬೇಕು: “ಬಾಲ್ತಾ ತಿಯ್ಮೆಜ಼್”, ಅಂದರೆ ಕೊಡಲಿ ಮುಟ್ಟದು. ಅಲ್ಲಿನ ಓಕ್ ಮರ ಕಡಿಯಬಾರದೆಂಬ ಕಟ್ಟಳೆ ಎರಡು ಪದದಲ್ಲಿ ಊರಹೆಸರಾಗಿ ಕೂತಿದೆ.

ತೆಂಗ್ರಿ ವಿಷಯದಲ್ಲಿ ಎಚ್ಚರ. ಟ್ರಾಕಾಯ್‌ನಲ್ಲಿ ತ್ಯೆನ್ರಿ, ಹಾಲಿಚ್‌ನಲ್ಲಿ ತೆನ್ರಿ. ಕರಾಯಿಮ್ ಬೈಬಲಿನಲ್ಲಿ ದೇವರಿಗೆ ಇರುವ ಮಾಮೂಲು ಪದವೇ ಅದು, ಆದಿಕಾಂಡದ ಮೊದಲ ವಾಕ್ಯದಲ್ಲೇ ಇದೆ. ಅದರಿಂದ ಪ್ರಕೃತಿಪೂಜೆ ಸಾಬೀತಾಗುವುದಿಲ್ಲ. ಓಕ್ ಮರದ ಪೂಜೆ, ಪ್ರಾಚೀನ ತುರ್ಕಿ ದೇವರು ಎಂಬ ಕಥನವನ್ನು ಬೆಳೆಸಿದವರಲ್ಲಿ ಮುಖ್ಯರು ಸಮುದಾಯದ ಮುಖ್ಯಸ್ಥರಾಗಿದ್ದ ಸೆರಾಯಾ ಶಪ್ಶಾಲ್ (1873–1961). ಯಹೂದಿ ಮೂಲದಿಂದ ದೂರ ಸರಿಯುವುದು 20ನೇ ಶತಮಾನದ ಯುರೋಪಿನಲ್ಲಿ ಬದುಕುಳಿಯುವ ಪ್ರಶ್ನೆಯೂ ಆಗಿತ್ತು. ಅದನ್ನು ಮರೆತು ಅವರನ್ನು ಹಗುರವಾಗಿ ಅಳೆಯಬಾರದು. ಆದರೂ ಆ ಕಾಲದ ನಂತರದ ಸಂಗ್ರಹದಲ್ಲಿ ಗಾದೆಯ ಪಕ್ಕ “ಪುರಾತನ” ಎಂದಿದ್ದರೆ, ಗಾದೆಯನ್ನು ತೆಗೆದುಕೊಂಡು ವಿವರಣೆಯನ್ನು ಬಿಟ್ಟುಬಿಡಿ.

ಹಳೆಪುಟ:
ಕೈಬರಹದ ಬಗ್ಗೆ. ಕ್ರೈಮಿಯದ ಮನೆಗಳಲ್ಲಿ “ಮೆಜುಮಾ” ಎಂಬ ಸಂಗ್ರಹ ಪುಸ್ತಕ ಇರುತ್ತಿತ್ತು. ಹಾಡು, ಕಥೆ, ಒಗಟು, ಗಾದೆ, ಎಲ್ಲವೂ ಹೀಬ್ರೂ ಲಿಪಿಯಲ್ಲಿ, ತುರ್ಕಿ ನುಡಿಯಲ್ಲಿ. ತುರ್ಕಿ ನುಡಿಗಳ ವಿದ್ವಾಂಸ ರಾಡ್ಲೊಫ್ 1896ರಲ್ಲಿ ಪ್ರಕಟಿಸಿದ ತುರ್ಕಿ ಜನಪದ ಸಾಹಿತ್ಯದ 7ನೇ ಸಂಪುಟ ಕ್ರೈಮಿಯದ್ದು, ಅದರಲ್ಲಿ ಇಂಥ ಪಠ್ಯಗಳಿವೆ. ಟ್ರಾಕಾಯ್‌ಗೆ ಕೊವಾಲ್ಸ್ಕಿಯ 1929ರ ಪಠ್ಯಸಂಗ್ರಹ ನೋಡಿ.

ಹೀಬ್ರೂ ಲಿಪಿಯಲ್ಲಿ ತುರ್ಕಿ ಸ್ವರಗಳಿಗೆ ಸಾಕಷ್ಟು ಜಾಗ ಇಲ್ಲ. “ವಾವ್” ಅಕ್ಷರ ಒ, ಉ, ಮತ್ತು ಅವೆರಡರ ಮುಂದೊತ್ತಿನ ಜೋಡಿ, ಹೀಗೆ ನಾಲ್ಕಕ್ಕೂ ನಿಲ್ಲಬಲ್ಲದು. ಸ್ವರ ತೋರಿಸುವ ಬಿಂದು ಹಾಕದ ಪ್ರತಿಯಲ್ಲಿ “ಓಲ್” (ಅದು) ಮತ್ತು “ಸಾಯು” ಎಂಬರ್ಥದ ಧಾತುವನ್ನು ಬೇರೆ ಮಾಡಲು ಮುಂದಿನ ಪ್ರತ್ಯಯದ ಸ್ವರ ನೋಡಬೇಕು. ಪ್ರತ್ಯಯದ ಸ್ವರ ಧಾತುವಿನ ಸ್ವರಕ್ಕೆ ಹೊಂದಿಕೊಳ್ಳುವ ಸ್ವರಸಾಮರಸ್ಯವೇ ದಾರಿ ತೋರಿಸುತ್ತದೆ.

ಇನ್ನೊಂದು ಗುಂಡಿ: ಹೀಬ್ರೂ ಲಿಪಿಯಲ್ಲಿ ತುರ್ಕಿ ನುಡಿ ಕಂಡ ಕೂಡಲೇ ಕರಾಯಿಮ್ ಅನ್ನಬೇಡಿ. ಕ್ರೈಮಿಯದಲ್ಲೇ ಕ್ರಿಮ್ಚಾಕರು ಎಂಬ, ತಾಲ್ಮುದನ್ನು ಒಪ್ಪುವ ಯಹೂದಿಗಳೂ ಇದೇ ರೀತಿ ಬರೆದಿಟ್ಟಿದ್ದಾರೆ. ಪ್ರತಿಯ ಒಡೆಯರ ಹೆಸರು, ಹಬ್ಬಗಳ ಉಲ್ಲೇಖ ನೋಡಿ. ನುಡಿಯಿಂದ ಮಾತ್ರ ಬಿಡಿಸುವುದು ಕಷ್ಟ, ಯಾಕಂದರೆ ಇಬ್ಬರ ಮಾತೂ ತಾತಾರರ ಮಾತಿಗೆ ಹತ್ತಿರ. “ನಾಯಿ ಬೊಗಳುತ್ತದೆ, ಒಂಟೆಸಾಲು ಸಾಗುತ್ತದೆ” ಎಂಬಂಥ ಗಾದೆ ತುರ್ಕಿ ಜಗತ್ತಿಗೆಲ್ಲ ಸೇರಿದ್ದು. ಅಂಥವಕ್ಕೆ “ಕ್ರೈಮಿಯ, ಹಂಚಿಕೊಂಡದ್ದು” ಎಂದು ಬರೆದರೆ ಯಾರಿಗೂ ಅನ್ಯಾಯವಿಲ್ಲ.

ಒತ್ತಕ್ಷರ:
ವಾರ, ತಿಂಗಳ ಹೆಸರು ಬಂದರೆ ಹಾರಿಸಬೇಡಿ. ಶುಕ್ರವಾರಕ್ಕೆ “ಬರಸ್ಕಿ” ಎನ್ನುತ್ತಾರೆ, ಗ್ರೀಕಿನಿಂದ ಬಂದದ್ದು, ಟರ್ಕಿ ನಿಘಂಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ತಿಂಗಳುಗಳು ಚಾಂದ್ರಮಾನದವು. ಆದ್ದರಿಂದ “ಕಾರಾ ಕಿಶ್” (ಕಪ್ಪು ಚಳಿ) ತಿಂಗಳನ್ನು ಜನವರಿ ಅಂತಲೋ ಡಿಸೆಂಬರ್ ಅಂತಲೋ ಕೂರಿಸಿದರೆ ವರ್ಷದಿಂದ ವರ್ಷಕ್ಕೆ ತಪ್ಪುತ್ತದೆ. ಹೆಸರನ್ನು ಹಾಗೇ ಬಿಟ್ಟು ಋತುವನ್ನು ಹೇಳಿ.

ಕನ್ನಡ ಲಿಪಿಯಲ್ಲಿ ಮೊದಲು ಹೇಳಿದ ಆ ಎರಡು ದುಂಡು ಸ್ವರಕ್ಕೆ ಅಕ್ಷರವಿಲ್ಲ. ಮೊದಲ ಪುಟದಲ್ಲೇ ಒಂದು ಸೂಚನೆ ಹಾಕಿ: “ಎ” ಹೇಳುವ ನಾಲಗೆ, “ಒ” ಹೇಳುವ ತುಟಿ ಸೇರಿದರೆ ಒಂದು, “ಇ” ನಾಲಗೆ, “ಉ” ತುಟಿ ಸೇರಿದರೆ ಇನ್ನೊಂದು. ಕ್ರೈಮಿಯದ ಪದಗಳಿಗೆ ಒಂದು ಚುಕ್ಕೆ ಗುರುತು ಇಟ್ಟುಕೊಂಡು, ಟ್ರಾಕಾಯ್ ಪದಗಳಿಗೆ ಮಾತ್ರ ಯ-ಒತ್ತು ಬಳಸಿ. ಎರಡಕ್ಕೂ ಯ-ಒತ್ತನ್ನೇ ಹಾಕಿದರೆ ಇಷ್ಟು ಕಷ್ಟಪಟ್ಟು ಬೇರ್ಪಡಿಸಿದ ಉಪಭಾಷೆಗಳು ಅಚ್ಚಿನಲ್ಲಿ ಮತ್ತೆ ಒಂದಾಗುತ್ತವೆ.