ಫಿಯೊ ಎಂ3ಕೆ, ರಾಕ್‌ಬಾಕ್ಸ್: ಗಿಟ್ ಬೈಸೆಕ್ಟ್ ಓಡಿಸಿದಾಗೆಲ್ಲ ಬೇರೆ ಬೇರೆ ಕಮಿಟ್ ಸಿಗುತ್ತಿದೆ

ತಂತಿಜಾಲ ಕೇಳಿದ್ದು:

ಫಿಯೊದ ಎಂ3ಕೆ ಮ್ಯೂಸಿಕ್ ಪ್ಲೇಯರ್ ಮೇಲೆ ರಾಕ್‌ಬಾಕ್ಸ್‌ನ (ಪ್ಲೇಯರ್ ನಡೆಸುವ ಮುಕ್ತ ಸಾಫ್ಟ್‌ವೇರ್) ಹೊಸ ಬಿಲ್ಡ್ ಹಾಕಿದರೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಾಗ ಟಕ್ ಅಂತ ಸದ್ದು ಬರುತ್ತದೆ. ಹಳೇ ಬಿಲ್ಡ್‌ನಲ್ಲಿ ಇಲ್ಲ. ಯಾವ ಕಮಿಟ್ (ಕೋಡ್‌ನ ಒಂದು ಬದಲಾವಣೆ) ಕಾರಣ ಎಂದು ಗಿಟ್ ಬೈಸೆಕ್ಟ್‌ನಿಂದ, ಅಂದರೆ ಕಮಿಟ್‌ಗಳ ಸಾಲನ್ನು ಪ್ರತಿ ಸಲ ಅರ್ಧಕ್ಕೆ ಇಳಿಸುತ್ತಾ, ಹುಡುಕಲು ಕಟ್ಟಿರುವ ವ್ಯವಸ್ಥೆ ಇದು: ರಾಸ್ಪ್‌ಬೆರಿ ಪೈ 4, ಬ್ಯಾಟರಿ ತೆಗೆದು ಆ ಜಾಗಕ್ಕೆ ರಿಲೇ ಮೂಲಕ 3.8 ವೋಲ್ಟ್ ಸಪ್ಲೈ, ಪವರ್ ಮತ್ತು ವಾಲ್ಯೂಮ್ ಕಡಿಮೆ ಗುಂಡಿಗಳಿಗೆ ಪಿಸಿ817 ಆಪ್ಟೊಕಪ್ಲರ್ (ಒಳಗಿನ ಎಲ್‌ಇಡಿ ಬೆಳಕಿನಿಂದ ನಡೆಯುವ ಸ್ವಿಚ್), ಯುಎಸ್‌ಬಿ ಕರೆಂಟ್ ತೆಗೆಯಲು ಯೂಹಬ್‌ಸಿಟಿಎಲ್ ಪ್ರೋಗ್ರಾಂ, ಹೆಡ್‌ಫೋನ್ ಔಟ್‌ನಿಂದ ಯುಎಸ್‌ಬಿ ಸೌಂಡ್ ಕಾರ್ಡ್‌ಗೆ ರೆಕಾರ್ಡಿಂಗ್. ಎಲ್ಲವನ್ನೂ ಒಂದು ಪೈಥಾನ್ ಸ್ಕ್ರಿಪ್ಟ್ ನಡೆಸುತ್ತದೆ. ಆದರೆ ಅದೇ ಕಮಿಟ್ ಒಮ್ಮೆ ಪಾಸ್, ಒಮ್ಮೆ ಫೇಲ್. ಎಲ್ಲಿಂದ ನೋಡಲಿ?

ಬೆಸುಗೆಕಡ್ಡಿ:

ಮೊದಲು ಮೀಟರ್ ಹಿಡಿಯಿರಿ, ಕೋಡ್ ಆಮೇಲೆ. ರಿಲೇ ಆಫ್, ಯುಎಸ್‌ಬಿ ಆಫ್ ಮಾಡಿ ಪ್ಲೇಯರ್‌ನ ಬ್ಯಾಟರಿ ಪ್ಯಾಡ್ ಮೇಲೂ ಯುಎಸ್‌ಬಿಯ 5 ವೋಲ್ಟ್ ತಂತಿ ಮೇಲೂ ಎಷ್ಟಿದೆ ನೋಡಿ. ಎರಡೂ ಕಡೆ ಸೊನ್ನೆಗೆ ಹತ್ತಿರ ಬರದಿದ್ದರೆ ಚಿಪ್ ಪೂರ್ತಿ ಆಫ್ ಆಗುತ್ತಲೇ ಇಲ್ಲ, ಹಿಂದಿನ ಪರೀಕ್ಷೆಯ ಸ್ಥಿತಿ ಮುಂದಿನದಕ್ಕೂ ಉಳಿದುಕೊಳ್ಳುತ್ತದೆ.

ಕಳ್ಳದಾರಿಗಳು ಹಲವು. ಎಷ್ಟೋ ಹಬ್‌ಗಳು ಪೋರ್ಟ್ ಆಫ್ ಎಂದು ವರದಿ ಕೊಡುತ್ತವೆ, ಆದರೆ 5 ವೋಲ್ಟ್ ಹಾಗೇ ಹರಿಯುತ್ತಿರುತ್ತದೆ. ಪೈ 4ರಲ್ಲಂತೂ ನಾಲ್ಕೂ ಪೋರ್ಟ್ ಒಟ್ಟಿಗೇ ಆಫ್ ಆಗುತ್ತವೆ, ಅಂದರೆ ಅಲ್ಲೇ ಚುಚ್ಚಿದ ಸೌಂಡ್ ಕಾರ್ಡ್ ಕೂಡ ಪ್ರತಿ ಸಲ ಸತ್ತು ಹುಟ್ಟುತ್ತದೆ, ಅದರ ನಂಬರೂ ಬದಲಾಗಬಹುದು. ಪೋರ್ಟ್‌ವಾರು ನಿಜವಾಗಿ ಕಡಿಯುವ ಹಬ್ ಬೇಕು, ಇಲ್ಲದಿದ್ದರೆ ಕೇಬಲ್‌ನ ಕೆಂಪು ತಂತಿಯನ್ನೇ ಇನ್ನೊಂದು ರಿಲೇಯಿಂದ ಕಡಿಯಿರಿ. ಪೈ ಮತ್ತು ಪ್ಲೇಯರ್ ನಡುವೆ ಡೇಟಾ ಸಾಗಿಸುವ ಸೀರಿಯಲ್ ತಂತಿ ಬೆಸೆದಿದ್ದರೆ ಅದೂ ಸೋರುತ್ತದೆ. ಸುಮ್ಮನಿದ್ದಾಗ ಆ ತಂತಿ 3.3 ವೋಲ್ಟ್‌ನಲ್ಲಿರುತ್ತದೆ, ಚಿಪ್‌ನ ಒಳಗಿನ ರಕ್ಷಣಾ ಡಯೋಡ್ ಮೂಲಕ ಅರೆಜೀವ ಕೊಡುತ್ತದೆ. ಕರೆಂಟ್ ತೆಗೆಯುವ ಮುನ್ನ ಪೈ ಕಡೆಯ ಆ ಪಿನ್ ಅನ್ನು ಇನ್‌ಪುಟ್ ಮಾಡಿ, ಪುಲ್‌ಅಪ್ (ಪಿನ್ ಅನ್ನು 3.3ಕ್ಕೆ ಎಳೆಯುವ ರೆಸಿಸ್ಟರ್) ತೆಗೆಯಿರಿ.

ಇನ್ನೊಂದು ಅಪಾಯ: ಯುಎಸ್‌ಬಿ ಬಂದ ಕೂಡಲೇ ಪ್ಲೇಯರ್‌ನ ಚಾರ್ಜರ್ ನಿಮ್ಮ ಸಪ್ಲೈಯನ್ನೇ ಬ್ಯಾಟರಿ ಎಂದುಕೊಂಡು ಅದರೊಳಗೆ ಕರೆಂಟ್ ತಳ್ಳುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಶಾಟ್ಕಿ ಡಯೋಡ್ ಸರಣಿಯಲ್ಲಿ ಹಾಕಿ. ಅದು ಸುಮಾರು 0.3 ವೋಲ್ಟ್ ತಿನ್ನುತ್ತದೆ, ಹಾಗಾಗಿ ಸಪ್ಲೈ 4.1ಕ್ಕೆ ಇಡಿ. ಆಫ್ ಆದ ಮೇಲೆ ಕೆಪಾಸಿಟರ್‌ಗಳು ಖಾಲಿಯಾಗಲು 3 ಸೆಕೆಂಡ್ ಕೊಡಿ.

ಆಪ್ಟೊಕಪ್ಲರ್‌ಗೆ 330 ಓಮ್ ಸಾಕು. 3.3ರಲ್ಲಿ ಎಲ್‌ಇಡಿಯ 1.2 ಕಳೆದರೆ ಸುಮಾರು 6 ಮಿಲಿ ಆಂಪ್. ಗುಂಡಿಯ ಎರಡು ತುದಿಗಳಲ್ಲಿ ಯಾವುದು ಮೇಲಿನ ವೋಲ್ಟ್ ಎಂದು ಅಳೆದು ಕಲೆಕ್ಟರ್ ಅಲ್ಲಿಗೆ ಕೊಡಿ, ತಿರುಗುಮುರುಗಾದರೆ ಗುಂಡಿ ಒತ್ತಿದಂತೆಯೇ ಆಗುವುದಿಲ್ಲ.

ಕಮಿಟ್‌ಶೋಧಕ:

ಬೆಸುಗೆಕಡ್ಡಿ ಹೇಳಿದ್ದು ಸರಿ, ಆದರೆ ಸ್ಕ್ರಿಪ್ಟ್‌ನಲ್ಲೂ ತೂತಿರಬಹುದು. ಗಿಟ್ ಬೈಸೆಕ್ಟ್ ರನ್ ನೋಡುವುದು ಸ್ಕ್ರಿಪ್ಟ್ ಮುಗಿದಾಗ ಕೊಡುವ ಎಕ್ಸಿಟ್ ಕೋಡನ್ನು: 0 ಅಂದರೆ ಗುಡ್, 125 ಅಂದರೆ ಸ್ಕಿಪ್, 1ರಿಂದ 127ರೊಳಗಿನ ಉಳಿದದ್ದೆಲ್ಲ ಬ್ಯಾಡ್. ಪೈಥಾನ್‌ನಲ್ಲಿ ಹಿಡಿಯದ ಎಕ್ಸೆಪ್ಷನ್ (ದೋಷ) ಬಂದರೆ ಎಕ್ಸಿಟ್ ಕೋಡ್ 1. ಅಂದರೆ ಸೌಂಡ್ ಕಾರ್ಡ್ ಸಿಗದೆ ಸ್ಕ್ರಿಪ್ಟ್ ಬಿದ್ದರೂ ಪಾಪದ ಕಮಿಟ್ ಮೇಲೆ ಬ್ಯಾಡ್ ಮುದ್ರೆ! ಇಡೀ ಸ್ಕ್ರಿಪ್ಟನ್ನು ದೋಷ ಹಿಡಿಯುವ ಟ್ರೈ ಬ್ಲಾಕ್ ಒಳಗೆ ಹಾಕಿ. ಕಂಪೈಲ್ ಆಗದಿದ್ದರೆ 125 ಕೊಡಿ. ಸಲಕರಣೆ ಕೈಕೊಟ್ಟರೆ ಎರಡು ಸಲ ಮತ್ತೆ ಪ್ರಯತ್ನಿಸಿ, ಆಗಲೂ ಆಗದಿದ್ದರೆ 200 ಕೊಡಿ. 127 ದಾಟಿದರೆ ಬೈಸೆಕ್ಟ್ ಅಲ್ಲೇ ನಿಲ್ಲುತ್ತದೆ, ಅದೇ ನಮಗೆ ಬೇಕಾದ್ದು. ಅಂಥ ಕಡೆ ಸ್ಕಿಪ್ ಕೊಡಬೇಡಿ, ಅಸಲಿ ಕಮಿಟ್ಟೇ ಸ್ಕಿಪ್ ಆಗಿಬಿಡಬಹುದು.

ಬೈಸೆಕ್ಟ್‌ಗೆ ಮುನ್ನ ಒಳ್ಳೆಯದೆಂದು ಗೊತ್ತಿರುವ ಬಿಲ್ಡ್ ಒಂದನ್ನು 50 ಸಲ ಓಡಿಸಿ. ಸುಳ್ಳು ಫೇಲ್ ಬರೀ ಶೇ. 5 ಇದ್ದರೂ, ದಾರಿಯಲ್ಲಿ 5 ಒಳ್ಳೆಯ ಕಮಿಟ್ ಸಿಕ್ಕರೆ ಒಂದಾದರೂ ತಪ್ಪಾಗುವ ಸಂಭವ ಶೇ. 23ರ ಹತ್ತಿರ.

ಬಿಲ್ಡ್ ನಕಲು ಮಾಡುವಾಗ ರಾಕ್‌ಬಾಕ್ಸ್.ಎಂ3ಕೆ ಎಂಬ ಮುಖ್ಯ ಕಡತವನ್ನು ಮಾತ್ರ ಬದಲಿಸಬೇಡಿ. ಕೋಡೆಕ್ (ಹಾಡಿನ ಕಡತ ಬಿಚ್ಚುವ ಭಾಗ) ಮತ್ತು ಪ್ಲಗಿನ್‌ಗಳ ಎಪಿಐ ಆವೃತ್ತಿ ಮುಖ್ಯ ಕಡತಕ್ಕೆ ಹೊಂದದಿದ್ದರೆ ಅವು ಲೋಡ್ ಆಗುವುದಿಲ್ಲ, ನಿಮಗೆ ಸಿಗುವುದು ಮೌನದ ರೆಕಾರ್ಡಿಂಗ್. ಮೇಕ್ ಜಿಪ್ ಆಜ್ಞೆಯಿಂದ ಇಡೀ ಬಿಲ್ಡ್‌ನ ಜಿಪ್ ಮಾಡಿ, ಹಳೇ ರಾಕ್‌ಬಾಕ್ಸ್ ಫೋಲ್ಡರ್ ಪೂರ್ತಿ ಅಳಿಸಿ, ಹೊಸದನ್ನು ಬಿಚ್ಚಿ. ಮೌನ ಬಂದರೆ ಅದನ್ನು ಪಾಸ್ ಎಂದು ಎಣಿಸದಂತೆ, ಸ್ವರ ಇದೆಯೇ ಎಂದು ಮೊದಲು ನೋಡುವ ಒಂದು ಸಾಲು ಸೇರಿಸಿ.

ತಂತಿಜಾಲ:

ಹಬ್ 5 ವೋಲ್ಟ್ ಬಿಡುತ್ತಲೇ ಇದೆ, ಮೀಟರ್ ತೋರಿಸಿತು. ಕೆಂಪು ತಂತಿಗೆ ರಿಲೇ ಹಾಕುತ್ತೇನೆ. ಇನ್ನೆರಡು ಸಂದೇಹ: ಬಿಲ್ಡ್ ಕೆಟ್ಟು ಪ್ಲೇಯರ್ ಬೂಟ್ ಆಗದೆ ನಿಂತರೆ ಕೈ ಹಚ್ಚದೆ ಹೊರತರುವುದು ಹೇಗೆ? ಟಕ್ ಸದ್ದನ್ನು ಅಳೆಯುವುದು ಹೇಗೆ?

ಕಮಿಟ್‌ಶೋಧಕ:

ಮೊದಲನೆಯದಕ್ಕೆ ಚಿಪ್‌ನದೇ ಯುಎಸ್‌ಬಿ ಬೂಟ್ ಇದೆ. ಎಲ್ಲ ಕರೆಂಟ್ ತೆಗೆಯಿರಿ, ವಾಲ್ಯೂಮ್ ಕಡಿಮೆ ಗುಂಡಿ ಒತ್ತಿಟ್ಟುಕೊಂಡು ಯುಎಸ್‌ಬಿ ಕೊಡಿ. ಪೈನಲ್ಲಿ ಎ108:1000 ಎಂಬ ಯುಎಸ್‌ಬಿ ಗುರುತಿನ ಸಾಧನ ಕಾಣಿಸಿದ ತಕ್ಷಣ ಗುಂಡಿ ಬಿಡಿ. ಆಮೇಲೆ ರಾಕ್‌ಬಾಕ್ಸ್‌ನ ಜೆಝಡ್‌ಟೂಲ್ ಪ್ರೋಗ್ರಾಂನ ಲೋಡ್ ಆಜ್ಞೆಯಿಂದ ಬೂಟ್‌ಲೋಡರ್ (ಪ್ಲೇಯರನ್ನು ಶುರು ಮಾಡುವ ಪುಟ್ಟ ಪ್ರೋಗ್ರಾಂ) ನೇರ ರ‍್ಯಾಮ್‌ಗೆ ಹೋಗುತ್ತದೆ, ಫ್ಲ್ಯಾಶ್ ಮುಟ್ಟುವುದಿಲ್ಲ. ಗುಂಡಿ ಬಿಡುವುದನ್ನು ಮರೆಯುವ ಸ್ಕ್ರಿಪ್ಟ್ ಅಪಾಯಕಾರಿ: ಮುಂದೆ ಬರುವ ಮೆನುವಿನಲ್ಲಿ ಬೂಟ್‌ಲೋಡರನ್ನು ಫ್ಲ್ಯಾಶ್‌ಗೆ ಬರೆಯುವ ಆಯ್ಕೆಯೂ ಇದೆ. ಕುರುಡಾಗಿ ಗುಂಡಿ ಒತ್ತುವ ಮುನ್ನ ಅದೇ ಮೆನುವಿನಿಂದ ಬ್ಯಾಕಪ್ ತೆಗೆದು ಪೈನಲ್ಲಿ ಇಡಿ.

ಬಜೆಟ್ ಇದ್ದರೆ ಈ ಕಸರತ್ತಿಗಿಂತ ಎಸ್‌ಡಿ ಮಕ್ಸ್ ಮೇಲು. ಕಾರ್ಡ್ ಒಮ್ಮೆ ಪೈಗೆ, ಒಮ್ಮೆ ಪ್ಲೇಯರ್‌ಗೆ. ಬಿಲ್ಡ್ ಎಷ್ಟೇ ಕೆಟ್ಟರೂ ಹೊಸದನ್ನು ಬರೆಯಬಹುದು. ಪ್ಲೇಯರ್ ಆನ್ ಇರುವಾಗ ಮಾತ್ರ ಮಕ್ಸ್ ತಿರುಗಿಸಬೇಡಿ, ಕಾರ್ಡ್‌ನ ಫ್ಯಾಟ್ ಕಡತ ವ್ಯವಸ್ಥೆ ಕೆಡುತ್ತದೆ.

ಸದ್ದಳತೆ:

ಟಕ್ ಅಳೆಯಲು 441 ಹರ್ಟ್ಸ್ ಸ್ವರ ತೆಗೆದುಕೊಳ್ಳಿ. 44,100 ಸ್ಯಾಂಪಲ್ ದರದಲ್ಲಿ ಒಂದು ಆವರ್ತನೆಗೆ ಸರಿಯಾಗಿ 100 ಸ್ಯಾಂಪಲ್. 20 ಸೆಕೆಂಡಿನ ಸ್ವರವನ್ನು ಅಲೆಯ ತುತ್ತತುದಿಯಲ್ಲಿ, ಅಂದರೆ 4,41,025ನೇ ಸ್ಯಾಂಪಲ್‌ನಲ್ಲಿ ಕತ್ತರಿಸಿ ಎರಡು ಫ್ಲ್ಯಾಕ್ ಧ್ವನಿ ಕಡತ ಮಾಡಿ. ಸೊನ್ನೆಯಲ್ಲಿ ಕತ್ತರಿಸಿದರೆ ಸಣ್ಣ ಬಿರುಕು ಬಚ್ಚಿಟ್ಟುಕೊಳ್ಳುತ್ತದೆ. ರೆಕಾರ್ಡ್ ಆದ ಮೇಲೆ ಸಾಕ್ಸ್ ಎಂಬ ಧ್ವನಿ ಪ್ರೋಗ್ರಾಂನಲ್ಲಿ ಮೊದಲು 200 ಹರ್ಟ್ಸ್ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ತಗ್ಗಿಸುವ ಫಿಲ್ಟರ್) ಹಾಕಿದರೆ ಗ್ರೌಂಡ್ ಲೂಪ್‌ನ 50 ಹರ್ಟ್ಸ್ ಗುಂಯ್ ತಗ್ಗುತ್ತದೆ. ಬಳಿಕ 441ರ ಸ್ವರವನ್ನಷ್ಟೇ ತೆಗೆಯುವ ಬ್ಯಾಂಡ್‌ರಿಜೆಕ್ಟ್ ಫಿಲ್ಟರ್, ಆಮೇಲೆ ಮೊದಲ ಮತ್ತು ಕೊನೆಯ ಒಂದೊಂದು ಸೆಕೆಂಡ್ ಕತ್ತರಿಸಿ. ಶುರುವಿನ ಏರಿಕೆಯೇ ಟಕ್‌ನಂತೆ ಕಾಣುತ್ತದೆ, ಅದಕ್ಕೆ. ಉಳಿದದ್ದರ ಗರಿಷ್ಠ ಮಟ್ಟ ನೋಡಿ. ಮಿತಿ ಎಷ್ಟು ಎಂದು ಊಹಿಸದೆ, ಆ 50 ಒಳ್ಳೆಯ ಓಟಗಳಲ್ಲಿ ಬಂದ ಅತಿ ಹೆಚ್ಚಿನ ಅಂಕಿಯ ಎರಡು ಪಟ್ಟು ಇಡಿ.

ಕಾರ್ಡ್‌ನಲ್ಲಿ ಲೈನ್ ಇನ್ ಇಲ್ಲದೆ ಮೈಕ್ ಮಾತ್ರ ಇದ್ದರೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿ ಹಾಕಿ ಮೈಕ್ ಬಯಾಸ್ (ಕಾರ್ಡ್ ಮೈಕ್‌ಗೆ ಕೊಡುವ ವೋಲ್ಟ್) ತಡೆಯಿರಿ, ಪ್ಲೇಯರ್ ಕಡೆ 10 ಕಿಲೋ ಓಮ್ ಮತ್ತು 1 ಕಿಲೋ ಓಮ್‌ನಿಂದ ಸಿಗ್ನಲ್ ತಗ್ಗಿಸಿ. ಪ್ರತಿ ಬಿಲ್ಡ್ ಬಿಚ್ಚಿದ ಮೇಲೆ ವಾಲ್ಯೂಮ್ ಅನ್ನು ರಾಕ್‌ಬಾಕ್ಸ್ ಫೋಲ್ಡರ್‌ನ ಫಿಕ್ಸ್‌ಡ್.ಸಿಎಫ್‌ಜಿ ಕಡತದಲ್ಲಿ ಬರೆದಿಡಿ, ಪ್ರತಿ ಬೂಟ್‌ನಲ್ಲೂ ಅದೇ ಮಟ್ಟ ಬರುತ್ತದೆ. ರೆಕಾರ್ಡಿಂಗ್ ವೇಳೆ ಯುಎಸ್‌ಬಿ ಕಡಿದಿರಲೇಬೇಕು. ಪೈಗೆ ತಗುಲಿಕೊಂಡಿದ್ದರೆ ರಾಕ್‌ಬಾಕ್ಸ್ ಯುಎಸ್‌ಬಿ ಪರದೆಗೆ ಹೋಗಿ ಹಾಡು ನಿಲ್ಲಿಸಿಬಿಡುತ್ತದೆ.