94ರ ಬ್ಯಾಚ್ ಗುಂಪಿನಲ್ಲಿ ಶ್ರದ್ಧಾನಂದನ ಅರ್ಜಿ

ಗಿರಿ ಸುಂಟಿಕೊಪ್ಪ: (ಫಾರ್ವರ್ಡ್) ಶ್ರದ್ಧಾನಂದನ ಬಿಡುಗಡೆ ಅರ್ಜಿ ಸುಪ್ರೀಂ ಕೋರ್ಟಿನಲ್ಲಿ ವಜಾ.

ಗಿರಿ ಸುಂಟಿಕೊಪ್ಪ: ಇವನಿಗೆ ಬೇರೆ ಕೆಲಸ ಇಲ್ವಾ? ಎಷ್ಟು ಸಲ ಅಂತ ಹಾಕ್ತಾನೆ?

ಲೀಲಾ ಟೀಚರ್: ಯಾರಿದು? ಸ್ವಾಮೀಜಿನಾ?

ಗಿರಿ ಸುಂಟಿಕೊಪ್ಪ: ಹೆಸರಿಗೆ ಮಾತ್ರ. ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊತ್ತಿಗೆ ಪೇಪರ್ ತುಂಬ ಇದೇ ಸುದ್ದಿ, ನೆನಪಿಲ್ವಾ? ಮೈಸೂರು ದಿವಾನ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳನ್ನು ಮದುವೆಯಾದ. 1991ರಲ್ಲಿ ಅವಳನ್ನು ಪೆಟ್ಟಿಗೆಗೆ ಹಾಕಿ ಬೆಂಗಳೂರಿನ ಅವಳದೇ ಮನೆಯ ಅಂಗಳದಲ್ಲಿ ಹೂತ. ಮೇಲೆ ಕಲ್ಲು ಚಪ್ಪಡಿ. ಆಮೇಲೂ ಅದೇ ಮನೆಯಲ್ಲಿ ಆರಾಮಾಗಿದ್ದ, ಕೇಳಿದವರಿಗೆಲ್ಲ ಒಂದೊಂದು ಕಥೆ ಹೇಳಿಕೊಂಡು. 1994ರ ಮಾರ್ಚ್ ಕೊನೆಯಲ್ಲಿ ಪೊಲೀಸರು ಅಗೆದು ತೆಗೆದರು.

ಲೀಲಾ ಟೀಚರ್: ಅಯ್ಯೋ, ಅವನಾ! ಇನ್ನೂ ಬದುಕಿದ್ದಾನಾ?

ರಫೀಕ್ ಕುಶಾಲನಗರ: 80 ದಾಟಿದೆ. ಒಂದೇ ಒಂದು ದಿನ ಪೆರೋಲ್ ಸಿಕ್ಕಿಲ್ಲ ಅಂತ ಅರ್ಜಿಯಲ್ಲಿ ಹೇಳಿದ್ದಾನೆ. ರಾಜೀವ್ ಗಾಂಧಿ ಕೇಸಿನವರನ್ನೇ ಬಿಟ್ಟರಲ್ಲ? ಅದೇ ಕೇಸಿನ ಪೇರರಿವಾಳನ್‌ನನ್ನು ಬಿಟ್ಟ ಪೀಠದಲ್ಲಿ ನಮ್ಮ ಕೊಡಗಿನ ನ್ಯಾಯಮೂರ್ತಿ ಬೋಪಣ್ಣನವರೂ ಇದ್ದರು. ಇವನಿಗೆ ಮಾತ್ರ ಯಾಕೆ ಬೇರೆ ಲೆಕ್ಕ? ಜೀವಾವಧಿ ಅಂದರೆ 14 ವರ್ಷ ತಾನೆ?

ಪೊನ್ನು ವಕೀಲ: ಈ 14 ವರ್ಷದ ಕಥೆ ನಮ್ಮ ಕಕ್ಷಿದಾರರೂ ದಿನಾ ಹೇಳ್ತಾರೆ ರಫೀಕ್. ಜೀವಾವಧಿ ಅಂದರೆ ಜೀವ ಇರುವವರೆಗೆ. ಗಾಂಧಿ ಹತ್ಯೆ ಕೇಸಿನ ಗೋಪಾಲ ಗೋಡ್ಸೆ ಇದೇ ವಾದ ಹಿಡಿದು ಹೋದಾಗ 1961ರಲ್ಲೇ ಸುಪ್ರೀಂ ಕೋರ್ಟು ಹೇಳಿತು. ಮಾಫಿ ಕೊಡೋದು ಸರ್ಕಾರದ ಕೈಯಲ್ಲಿ. ಕೊಲೆಯಂಥ ಕೇಸಿನಲ್ಲಿ 14 ವರ್ಷ ಆಗದೆ ಆ ಮಾತೇ ಎತ್ತುವಂತಿಲ್ಲ, ಅಷ್ಟೇ. ಪೇರರಿವಾಳನ್‌ ಕೇಸು ಬೇರೆ. ತಮಿಳುನಾಡು ಸಂಪುಟ 2018ರಲ್ಲೇ ಬಿಡಿ ಅಂದಿತ್ತು. ಫೈಲು ರಾಜಭವನದಲ್ಲೇ ಕೊಳೆಯಿತು. ಅದಕ್ಕೇ 2022ರಲ್ಲಿ ಕೋರ್ಟು ತಾನೇ ಬಿಟ್ಟಿತು.

ಪೊನ್ನು ವಕೀಲ: ಇವನಿಗೆ ಕೆಳಗಿನ ಕೋರ್ಟು, ಹೈಕೋರ್ಟು ಎರಡೂ ಗಲ್ಲು ಅಂದವು. ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳಿಗೆ ಒಮ್ಮತ ಬರಲಿಲ್ಲ. 2008ರಲ್ಲಿ ಮೂವರು ಕೂತು, ಗಲ್ಲು ಬೇಡ, ಆದರೆ ಸಾಯುವವರೆಗೆ ಹೊರಗೆ ಬಿಡಬಾರದು ಅಂದರು. ಅವನ ಕುತ್ತಿಗೆ ಉಳಿದಿದ್ದೇ ಆ ಷರತ್ತಿನ ಮೇಲೆ. ಈಗ ಷರತ್ತು ಬೇಡ ಅಂದರೆ ಹೇಗೆ? ಇಂಥ ಶಿಕ್ಷೆ ಕೊಡಬಹುದು ಅಂತ 2015ರಲ್ಲಿ ಐವರ ಪೀಠವೂ ಒಪ್ಪಿತು. ತಮಾಷೆ ಅಂದರೆ ಆ ತೀರ್ಪು ಬಂದಿದ್ದು ರಾಜೀವ್ ಕೇಸಿನವರ ವಿಚಾರದಲ್ಲೇ.

ಗಿರಿ ಸುಂಟಿಕೊಪ್ಪ: ಹಾಗೆ ಹೇಳು! ಇನ್ಮೇಲೆ ಇವನ ಅರ್ಜಿ ತಗೊಳ್ಳಲೇಬಾರದು.

ಪೊನ್ನು ವಕೀಲ: ಅದು ಬೇರೆ ಮಾತು. 2008ರ ತೀರ್ಪನ್ನು ಮತ್ತೆ ನೋಡಿ ಅನ್ನಬಹುದು, ರಾಷ್ಟ್ರಪತಿಯವರ ಹತ್ತಿರ ಕ್ಷಮೆ ಕೇಳಬಹುದು. ಒಳಗಿರುವವನಿಗೆ ಉಳಿದಿರೋದು ಅದೊಂದೇ. ಬಿಡುಗಡೆ ಕೊಡದೇ ಇರಲಿ, ಕೇಳೋದನ್ನು ತಡೆಯಬಾರದು. ನಿನ್ನ ಜಮ್ಮಾ ಬಾಣೆ ಜಮೀನಿನ ಆರ್‌ಟಿಸಿ ತಿದ್ದುಪಡಿಗೆ ಎಷ್ಟು ಅರ್ಜಿ ಬರೆಸಿಕೊಂಡು ಹೋಗಿದ್ದೀಯ ನನ್ನ ಹತ್ತಿರ? ಬೇರೆ ಕೆಲಸ ಇಲ್ವಾ ಅಂದೆನಾ?

ಗಿರಿ ಸುಂಟಿಕೊಪ್ಪ: ನಾನು ಬಾಣೆಯಲ್ಲಿ ಯಾರನ್ನೂ ಹೂತಿಲ್ಲ ವಕೀಲರೇ.

ರಫೀಕ್ ಕುಶಾಲನಗರ: 😂

ಲೀಲಾ ಟೀಚರ್: ನಗಬೇಡಿ. 1992ರಲ್ಲಿ ಆ ತಾಯಿಯ ಮಗಳು ದೂರು ಕೊಡದೇ ಇದ್ದಿದ್ದರೆ ಆ ಚಪ್ಪಡಿ ಯಾರು ಎಬ್ಬಿಸುತ್ತಿದ್ದರು? ಇವನು ಅರ್ಜಿ ಹಾಕಿದಾಗಲೆಲ್ಲ ಅಮ್ಮನ ಫೋಟೋ ಮತ್ತೆ ಪೇಪರಿಗೆ ಬರುತ್ತೆ. ಆ ಮಕ್ಕಳಿಗೆ ಹೇಗಿರಬೇಡ! ಅದರ ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ರಫೀಕ್ ಕುಶಾಲನಗರ: ಅದು ನಿಜ ಲೀಲಾ. ಬಿಡುಗಡೆ ಬೇಡ, ಒಪ್ಪಿದೆ. ಪೆರೋಲ್? ಮುದುಕ, ಪೊಲೀಸ್ ಕಾವಲಿನಲ್ಲಿ ಎರಡು ದಿನ ಹೊರಗೆ ಬಂದರೆ ಏನಾಗುತ್ತೆ?

ಪೊನ್ನು ವಕೀಲ: ಅದನ್ನು ಕೇಳಲಿ. ಅಷ್ಟಕ್ಕೆ ನನ್ನ ಅಭ್ಯಂತರ ಇಲ್ಲ.

ಗಿರಿ ಸುಂಟಿಕೊಪ್ಪ: ನಾನಂತೂ ಅದಕ್ಕೂ ಸಹಿ ಹಾಕಲ್ಲ.

ರಫೀಕ್ ಕುಶಾಲನಗರ: ನಿನ್ನ ಸಹಿ ಯಾರು ಕೇಳಿದರು ಮಾರಾಯ?